ಜೋಗುಳಬಾವಿಯ ಎಲ್ಲಮ್ಮ ಮತ್ತು ಹಸಿರು ಪುಸ್ತಕದವರು

ಬಹಳ ದಿನಗಳಾದವು ಈ ಕಡೆ ತಲೆ ಹಾಕದೆ. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್, ಮೂರು ವೀಕೆಂಡು ಹಾಗೇ ಕೈ ಬಿಟ್ಟು ಹೋದವು... ಕಳೆದ ಸಲ ನಮ್ಮೂರು ಹೂಲಿಯ ಪಂಚಲಿಂಗೇಶ್ವರ ಗುಡಿ ಬಗ್ಗೆ ಬರೀತೀನಿ ಅಂದಿದ್ದೆ. ಅದು ಇನ್ನೊಮ್ಮೆ. ಗುಡಿ ಚಾಲುಕ್ಯರ ಕಾಲದಿಂದ ಅಲ್ಲೇ ನಿಂತಿದೆ, ಇನ್ನೊಂದೆರಡು ತಿಂಗಳಲ್ಲಿ ಎಲ್ಲೂ ಹೋಗಂಗಿಲ್ಲ :)

ಇವತ್ತು ಬರೆಯುತ್ತಿರುವುದೂ ನಮ್ಮ ಭಾಗದ ಇತಿಹಾಸವೇ. ಆದರೆ ಕಲ್ಲಿನ ಮೇಲೆ ಯಾರೂ ಕೆತ್ತಿಸದ ಇತಿಹಾಸ. ಒಂದೇ ಜಡ್ಡು ಬಂದವರು ಒಂದು ಕಡೆ ಕೂತು, "ನಿನಗ ಹೆಂಗಾಗತೈತಿ? ನನಗ ಹಿಂಗಾಗತೈತಿ" ಅಂತ ಮಾತಾಡೋಕೆ ಶುರು ಮಾಡಿದ್ದು ಹೇಗೆ ಅನ್ನೋದು. ಅದರಲ್ಲೂ ಎಚ್.ಐ.ವಿ. ಇದ್ದವರು. ವಿಷಯ ಸ್ವಲ್ಪ ಭಾರ ಅನಿಸಬಹುದು, ಆದರೂ ಓದಿ.

ಹೂಲಿ ಗೊತ್ತಿಲ್ಲದವರಿಗೆ: ಬೆಳಗಾವಿ ಜಿಲ್ಲೆ, ಸವದತ್ತಿ ತಾಲೂಕು. ಸವದತ್ತಿಯಿಂದ ಸುಮಾರು 10 ಕಿ.ಮೀ. ಹಳೆಯ ಶಾಸನಗಳಲ್ಲಿ ಇದು ಪೂಲಿ, ಸಾವಿರ ಮಹಾಜನರಿದ್ದ ಅಗ್ರಹಾರ. ಇವತ್ತು ಹೊರಗಿನವರಿಗೆ ನಮ್ಮೂರಿನ ಗುರುತು ಹೇಳಬೇಕಾದರೆ "ಎಲ್ಲಮ್ಮನ ಗುಡ್ಡದ ಹತ್ರ" ಅಂದುಬಿಡ್ತೀವಿ. ಭಾರತ ಹುಣ್ಣಿಮೆ ಬಂತೆಂದರೆ ಗಾಡಿಗಳು, ಟ್ರ್ಯಾಕ್ಟರುಗಳು, "ಉಧೋ ಉಧೋ"... ನಮ್ಮ ಕಡೆ ಹುಟ್ಟಿದವರ ಕಿವಿಯಲ್ಲಿ ಆ ಸದ್ದು ಸಾಯುವವರೆಗೂ ಇರತ್ತೆ.

ಎಲ್ಲಮ್ಮನ ಕತೆ ಅಂದ ಕೂಡಲೆ ಎಲ್ಲರಿಗೂ ನೆನಪಾಗೋದು ಪರಶುರಾಮ ಕೊಡಲಿ ಎತ್ತಿದ್ದು. ಆದರೆ ಅದಕ್ಕೂ ಮುಂಚೆ ಒಂದು ಭಾಗ ಇದೆ. ಮಲಪ್ರಭೆಗೆ ನೀರಿಗೆ ಹೋದ ರೇಣುಕೆಯ ಮನಸ್ಸು ಚಂಚಲವಾಯಿತು, ದಿನಾ ಮಾಡುತ್ತಿದ್ದ ಉಸುಕಿನ ಕೊಡ ನಿಲ್ಲಲಿಲ್ಲ. ಜಮದಗ್ನಿ ಸಿಟ್ಟಾಗಿ ಶಾಪ ಕೊಟ್ಟ. ಮೈಯೆಲ್ಲ ರೋಗ ಹತ್ತಿತು. ತೊನ್ನು ಅಂತ ಕೆಲವರು ಹೇಳ್ತಾರೆ, ಕುಷ್ಠ ಅಂತ ಕೆಲವರು. ಮನೆಯಿಂದ ಹೊರಗೆ ಬಿದ್ದವಳು ಅಡವಿಯಲ್ಲಿ ಅಲೆಯುವಾಗ ಸಿಕ್ಕವರು ಎಕ್ಕಯ್ಯ, ಜೋಗಯ್ಯ ಅನ್ನೋ ಇಬ್ಬರು ಸಾಧುಗಳು. ಅವರು ಹೇಳಿದಂತೆ ನೀರಲ್ಲಿ ಮಿಂದು, ಉಪಚಾರ ಮಾಡಿಸಿಕೊಂಡು ಗುಣವಾದಳು. ಆ ನೀರೇ ಜೋಗುಳಬಾವಿ. ಇವತ್ತಿಗೂ ಗುಡ್ಡಕ್ಕೆ ಹೋಗುವವರು ಮೊದಲು ಅಲ್ಲಿ ಸ್ನಾನ ಮಾಡ್ತಾರೆ, ಚರ್ಮದ ಕಾಯಿಲೆ ಇರುವವರಂತೂ ತಪ್ಪದೆ.

ಅಂದರೆ ಲಕ್ಷಾಂತರ ಜನ ಕೈಮುಗಿಯುವ ನಮ್ಮ ದೇವಿ ಒಂದು ಕಾಲಕ್ಕೆ ರೋಗ ಬಂತು ಅಂತ ಮನೆಯಿಂದ ಹೊರಗೆ ಹಾಕಿಸಿಕೊಂಡವಳು! ಅವಳನ್ನು ಹತ್ತಿರ ಕರೆದವರು ಮನೆಯವರಲ್ಲ, ಗುರುತಿಲ್ಲದ ಇಬ್ಬರು. ನಾನು ಕೇಳಿದ ಯಾವ ಕತೆಯಲ್ಲೂ ಎಕ್ಕಯ್ಯ, ಜೋಗಯ್ಯ "ನಿನಗ ಈ ರೋಗ ಹೆಂಗ ಬಂತವಾ?" ಅಂತ ಕೇಳಿಲ್ಲ. ನನಗೆ ಪರಶುರಾಮನಿಗಿಂತ ಈ ಇಬ್ಬರೇ ಹೆಚ್ಚು ಇಷ್ಟ.

ಅದೇ ಗುಡ್ಡಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಬಿಟ್ಟು ಬರೆದರೆ ಸುಳ್ಳಾಗತ್ತೆ. ಮನೆಯಲ್ಲಿ ಕಾಯಿಲೆ ಬಂತು, ಮಗುವಿನ ತಲೆಯಲ್ಲಿ ಜಡೆ ಕಟ್ಟಿತು, ಮೈಮೇಲೆ ಏನೋ ಎದ್ದಿತು ಅಂದರೆ "ಎಲ್ಲವ್ವ ಕರ್ಯಾಕ ಹತ್ಯಾಳ" ಅಂತ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದರು. ನಮ್ಮ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ 1934ರಲ್ಲಿ ಇದರ ವಿರುದ್ಧ ಕಾನೂನು ಬಂದಿತ್ತು. ಕರ್ನಾಟಕದ ಕಾನೂನು 1982ರದು. ಆದರೂ 1993-94ರ ಸರ್ಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. 2007-08ರಲ್ಲಿ ಮತ್ತೆ ಸಮೀಕ್ಷೆ ಮಾಡಿದಾಗ ಇನ್ನೂ 23,787 ಹೆಸರುಗಳು. ಬಡತನ, ಜಾತಿ, ರೋಗದ ಭಯ ಮೂರೂ ಸೇರಿದರೆ ಕಾನೂನು ಪುಸ್ತಕ ಎಷ್ಟು ತೆಳ್ಳಗಾಗತ್ತೆ ನೋಡಿ.

ಇಂಥ ಊರುಗಳಿಗೆ ಎಚ್.ಐ.ವಿ. ಬಂತು. ದೇಶದಲ್ಲಿ ಅದು ಮೊದಲು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಮಾಡಿದ ಪರೀಕ್ಷೆಯಿಂದ. ನಮ್ಮ ಕಡೆ ಅದು ಯಾವ ವರ್ಷ ಬಂತು ಅಂತ ಯಾರು ನೋಡಿಟ್ಟಿದ್ದಾರೆ? ದುಡಿಯೋಕೆ ಅಂತ ಸಾಂಗ್ಲಿ, ಪುಣೆ, ಮುಂಬೈಗೆ ಹೋಗಿಬರುವ ಗಂಡಸರು, ರಾಷ್ಟ್ರೀಯ ಹೆದ್ದಾರಿಯ ಲಾರಿಗಳು, ನಿಪ್ಪಾಣಿಯ ತಂಬಾಕು, ಕಬ್ಬಿನ ಗ್ಯಾಂಗು... ದಾರಿಗಳಿಗೇನು ಕಡಿಮೆ. 2003ರಲ್ಲಿ ಪಕ್ಕದ ಬಾಗಲಕೋಟ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 2.9 ಜನರಿಗೆ ಸೋಂಕು ಸಿಕ್ಕಿತು. ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು. ಇಡೀ ದೇಶದ ಲೆಕ್ಕ 2006ರಲ್ಲಿ ಶೇ. 0.36 ಇತ್ತು ಅನ್ನೋದನ್ನ ಪಕ್ಕದಲ್ಲಿ ಇಟ್ಟು ನೋಡಿ. ನಮ್ಮ ರಾಮದುರ್ಗ ದಾಟಿದರೆ ಬಾಗಲಕೋಟ ಜಿಲ್ಲೆ. ರೋಗಕ್ಕೆ ಜಿಲ್ಲೆಯ ಗಡಿ ಗೊತ್ತಿರಲ್ಲ.

(ಇದನ್ನು ಓದಿ "ಓಹೋ, ದೇವದಾಸಿಯರಿಂದ ಬಂತು" ಅಂತ ಸುಲಭದ ತೀರ್ಮಾನಕ್ಕೆ ಬರಬೇಡಿ. ಗಂಡನ ಮನೆಯ ಹೊಸ್ತಿಲು ದಾಟದ, ಗಂಡನಿಂದಲೇ ಸೋಂಕು ತಗುಲಿಸಿಕೊಂಡ ಗೃಹಿಣಿಯರು ಎಷ್ಟೋ ಜನ.)

ನಾನು ಪ್ರೈಮರಿ ಸಾಲಿಯಲ್ಲಿದ್ದಾಗ ಗೋಡೆಗಳ ಮೇಲೆ ಕೆಂಪು ರಿಬ್ಬನ್ ಬರೆದಿರುತ್ತಿದ್ದರು. ಬೀದಿನಾಟಕದವರು ಬಂದು ಹಲಗೆ ಬಾರಿಸಿ ಹೋಗುತ್ತಿದ್ದರು. ಆದರೆ ಊರಲ್ಲಿ ಯಾರಿಗಾದರೂ ಇದೆ ಅಂದರೆ ಆ ಹೆಸರು ಯಾರ ಬಾಯಲ್ಲೂ ಇಲ್ಲ. "ಆ ಜಡ್ಡು" ಅನ್ನೋರು. ಇಲ್ಲಾಂದರೆ ಏನೂ ಹೇಳದೆ ಕಣ್ಣಲ್ಲೇ ಸನ್ನೆ.

ನನಗೆ ಈ ಕತೆ ಗೊತ್ತಾಗಿದ್ದು ಸಂಬಂಧದಲ್ಲಿ ಅತ್ತಿ ಆಗಬೇಕಾದ ಒಬ್ಬರಿಂದ. ಹೆಸರು, ಊರು ಎರಡೂ ಹೇಳಲ್ಲ, ನಮ್ಮ ಸೀಮೆಯವರು ಅಂತಷ್ಟೇ ತಿಳಕೊಳ್ಳಿ. ಗಂಡ ಲಾರಿ ಓಡಿಸ್ತಿದ್ದರು, 2005ರಲ್ಲಿ ತೀರಿಕೊಂಡರು. ಆಮೇಲೆ ಇವರಿಗೂ ಪರೀಕ್ಷೆ ಆಯಿತು. ಒಂದು ಆಸ್ಪತ್ರೆಯಲ್ಲಿ ಇವರ ಕಾಟಿಗೆ ಚೀಟಿ ಅಂಟಿಸಿ, ಊಟದ ತಾಟು ಕಾಲಲ್ಲಿ ಸರಿಸಿದ್ದರಂತೆ. ಅದನ್ನ ಹೇಳುವಾಗ ಅತ್ತಿಗೆ ಇವತ್ತಿಗೂ ಸಿಟ್ಟು ಬರಲ್ಲ, ನಗ್ತಾರೆ. ನನಗೆ ಬರತ್ತೆ. ಈ ಬರಹಕ್ಕೆ ಅವರ ಒಪ್ಪಿಗೆ ಕೇಳಿದೆ. "ಬರಿ ತಮ್ಮಾ, ನನ್ನ ಹೆಸರ ಒಂದ ಬರೀಬ್ಯಾಡ. ಸೊಸಿ ತವರಮನಿಯವ್ರು ಓದಿದ್ರ ಕಷ್ಟ" ಅಂದರು.

ಅವರ ಕತೆಗೆ ಬರುವ ಮೊದಲು ಸ್ವಲ್ಪ ಹೊರಗಿನ ಪ್ರಪಂಚ ನೋಡಿಬರೋಣ. ರೋಗಿಗಳನ್ನು ಒಟ್ಟಿಗೆ ಕೂರಿಸಿದರೆ ಒಬ್ಬರಿಂದೊಬ್ಬರಿಗೆ ಧೈರ್ಯ ಬರತ್ತೆ ಅನ್ನೋದು ಡಾಕ್ಟರುಗಳಿಗೆ ಹೊಳೆದದ್ದು ಹೆಚ್ಚು ಕಡಿಮೆ ಆಕಸ್ಮಿಕವಾಗಿ. 1905ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೋಸೆಫ್ ಪ್ರಾಟ್ ಅನ್ನೋ ವೈದ್ಯರು ಸ್ಯಾನಟೋರಿಯಮ್ಮಿಗೆ ಹೋಗಲು ದುಡ್ಡಿಲ್ಲದ ಬಡ ಕ್ಷಯರೋಗಿಗಳನ್ನು ಸೇರಿಸಿ ಒಂದು ಕ್ಲಾಸು ಶುರು ಮಾಡಿದರು. ದಿನಾ ಎಷ್ಟು ಹೊತ್ತು ವಿಶ್ರಾಂತಿ, ಏನು ಊಟ, ಜ್ವರ ಎಷ್ಟು ಅಂತ ಪ್ರತಿಯೊಬ್ಬರೂ ಒಂದು ಪುಸ್ತಕದಲ್ಲಿ ಬರೆದುಕೊಂಡು ವಾರಕ್ಕೊಮ್ಮೆ ಬರಬೇಕು. ಅವರು ಅಂದುಕೊಂಡಿದ್ದು ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಹೇಳಿದರೆ ಟೈಮ್ ಉಳಿಯತ್ತೆ ಅಂತ! ಆಮೇಲೆ ನೋಡಿದರೆ ಪಕ್ಕದವನ ತೂಕ ಏರಿದ್ದು ಕಂಡೇ ಇವನಿಗೆ ಅರ್ಧ ಹುರುಪು. 1935ರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆತುಕೊಂಡು ಕುಡಿತ ಬಿಟ್ಟದ್ದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಅಲ್ಲಿ ಡಾಕ್ಟರ ಮೇಲುಸ್ತುವಾರಿಯೂ ಇಲ್ಲ. (ಆ ಇಬ್ಬರಲ್ಲಿ ಒಬ್ಬರು ಸ್ವತಃ ಡಾಕ್ಟರೇ ಅನ್ನೋದು ಬೇರೆ ಮಾತು.)

ಏಡ್ಸ್ ವಿಷಯದಲ್ಲಿ ಮುಖ್ಯವಾದ ವರ್ಷ 1983. ಅಮೆರಿಕದ ಡೆನ್ವರ್ ನಗರದ ಒಂದು ಸಮ್ಮೇಳನದಲ್ಲಿ ಸೋಂಕು ಇದ್ದ ಕೆಲವರು ತಾವೇ ವೇದಿಕೆ ಹತ್ತಿ, ನಮ್ಮನ್ನು ಬಲಿಪಶುಗಳು ಅನ್ನಬೇಡಿ, ನಾವು ಏಡ್ಸ್ ಇರುವ ಮನುಷ್ಯರು, ನಮ್ಮ ಬಗ್ಗೆ ತೀರ್ಮಾನ ಮಾಡುವಾಗ ನಾವೂ ಇರಬೇಕು ಅಂದರು. ಕನ್ನಡದಲ್ಲೂ ಶಬ್ದ ಬದಲಾದ ದಾರಿ ಗಮನಿಸಿ. "ಏಡ್ಸ್ ರೋಗಿ" ಹೋಗಿ "ಎಚ್.ಐ.ವಿ. ಸೋಂಕಿತರು" ಆಯಿತು, ಆಮೇಲೆ "ಎಚ್.ಐ.ವಿ.ಯೊಂದಿಗೆ ಬದುಕುತ್ತಿರುವವರು". ಕೊನೆಯದು ಉದ್ದವಾಯಿತು, ಯಾರೂ ಮಾತಲ್ಲಿ ಬಳಸಲ್ಲ. ಅತ್ತಿಯ ಗೆಳತಿಯರು "ನಾವು ಪಾಸಿಟಿವ್ ಮಂದಿ" ಅಂತಾರೆ. ನನಗೆ ಅದೇ ಚೆಂದ ಅನಿಸತ್ತೆ.

ನಮ್ಮ ದೇಶದಲ್ಲಿ ಸೋಂಕು ಇರುವವರದ್ದೇ ರಾಷ್ಟ್ರಮಟ್ಟದ ನೆಟ್‌ವರ್ಕ್ 1997ರಲ್ಲಿ ಚೆನ್ನೈಯಲ್ಲಿ ಹುಟ್ಟಿತು, ಹೆಣ್ಣುಮಕ್ಕಳದು ಮರುವರ್ಷ. ಬೆಂಗಳೂರಿನಲ್ಲಿ 1993ರಿಂದ ಸಂರಕ್ಷ ಸಂಸ್ಥೆ ಕೆಲಸ ಮಾಡುತ್ತಿತ್ತು, ಆಮೇಲೆ ಕೊಪ್ಪಳದ ಕಡೆಗೂ ಬಂತು. ಆದರೆ ನನ್ನ ಲೆಕ್ಕದಲ್ಲಿ ನಮ್ಮ ಸೀಮೆಯ ಕತೆ ಶುರುವಾಗೋದು ಬೆಂಗಳೂರಿಂದ ಅಲ್ಲ, ಗಡಿಯಾಚೆ ಸಾಂಗ್ಲಿಯಿಂದ.

ಸಾಂಗ್ಲಿಯ ಗೋಕುಳನಗರದಲ್ಲಿ ಇದ್ದ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಜನ ಬೆಳಗಾವಿ, ಬಾಗಲಕೋಟ, ಬಿಜಾಪುರ ಕಡೆಯವರು. ಮಾತು ಕನ್ನಡ, ದೇವರು ಎಲ್ಲಮ್ಮ. 1992ರಲ್ಲಿ ಮೀನಾ ಶೇಷು ಅಲ್ಲಿ ಸಂಗ್ರಾಮ್ ಅನ್ನೋ ಸಂಸ್ಥೆ ಶುರು ಮಾಡಿದರು. ನಾಲ್ಕು ವರ್ಷ ಆದಮೇಲೆ, 1996ರಲ್ಲಿ, ಆ ಹೆಣ್ಣುಮಕ್ಕಳೇ ವ್ಯಾಂಪ್ ಅಂತ ತಮ್ಮದೇ ಸಂಘಟನೆ ಕಟ್ಟಿಕೊಂಡರು. ನಿಪ್ಪಾಣಿಗೂ ಅದು ಬಂತು. ಕಾಂಡೋಮ್ ಹಂಚುವುದು ಕಾಗದದ ಮೇಲಿನ ಕೆಲಸ. ಅದರ ಜೊತೆ ನಡೆದದ್ದು ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ದವಾಖಾನೆಗೆ ಕರಕೊಂಡು ಹೋಗೋದು, ಅಲ್ಲಿ ಡಾಕ್ಟರು ಮುಟ್ಟಲ್ಲ ಅಂದರೆ ಹತ್ತು ಜನ ಹೋಗಿ ಬಾಗಿಲಲ್ಲಿ ಕೂರೋದು. "ಧೈರ್ಯ ಹೇಳೋದು" ಅಂದರೆ ಬೆನ್ನು ಸವರೋದು ಅಷ್ಟೇ ಅಲ್ಲ.

ಎರಡನೆಯದು ಘಟಪ್ರಭಾ. 1990ರ ದಶಕದ ಮೊದಲಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆ ಸೇರಿ ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿ ಪುನರ್ವಸತಿ ಕೆಲಸ ಶುರು ಮಾಡಿದವು. ಅದರಲ್ಲಿ ಹುಟ್ಟಿದ ಸ್ವಸಹಾಯ ಸಂಘಗಳೆಲ್ಲ ಸೇರಿ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಆಯಿತು. ಜನ ಕರೆಯೋದು "ಮಾಸ್". ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಚಿಕ್ಕ ಹುಡುಗಿಯಾಗಿದ್ದಾಗ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಸಂಘಗಳ ಮೇಲ್ನೋಟದ ಕೆಲಸ ಉಳಿತಾಯ, ಸಾಲ, ಎಮ್ಮೆ, ಕುರಿ. ಆದರೆ ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ಹೆಂಗಸರು ಒಂದು ಕಟ್ಟೆಯ ಮೇಲೆ ಕೂತರೆ ಬರೀ ಐದು ರೂಪಾಯಿ ಹತ್ತು ರೂಪಾಯಿ ಲೆಕ್ಕ ಮಾತಾಡಿ ಏಳ್ತಾರಾ? ಮೈ ನೋವು, ಬಿಳಿ ಸೆರಗು, ಮಕ್ಕಳ ವಾಂತಿಭೇದಿ ಎಲ್ಲ ಬರತ್ತೆ. ಯಾವ ಡಾಕ್ಟರಮ್ಮ ಬೈಯಲ್ಲ ಅನ್ನೋದೂ ಬರತ್ತೆ. ನಮ್ಮ ಕಡೆ ಹೆಣ್ಣುಮಕ್ಕಳು ಮನೆ ಹೊರಗೆ ಕೂತು ತಮ್ಮ ಮೈಯ ಬಗ್ಗೆ ಮಾತಾಡೋ ರೂಢಿ ಬೆಳೆದದ್ದು ಇಂಥ ಕಟ್ಟೆಗಳಲ್ಲೇ ಅಂತ ನನ್ನ ಅನಿಸಿಕೆ.

ಈಗ ಅಸಲು ವಿಷಯ. ಅದೇ ಸಾಲು, ಅಂದರೆ ಪಾಳಿ.

2001ರಲ್ಲಿ ಮುಂಬೈಯ ಸಿಪ್ಲಾ ಕಂಪನಿ ಮೂರು ಔಷಧಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡ್ತೀನಿ ಅಂತ ಹೇಳಿತು. ಅಲ್ಲಿಯವರೆಗೆ ಅದು ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೇಲಿನ ಮಾತು. ಆದರೂ ನಮ್ಮ ಸರ್ಕಾರ ಉಚಿತವಾಗಿ ಕೊಡೋಕೆ ಶುರು ಮಾಡಿದ್ದು ಏಪ್ರಿಲ್ 1, 2004ರಂದು, ಕೆಲವೇ ಕೆಲವು ಆಸ್ಪತ್ರೆಗಳಲ್ಲಿ. ಕರ್ನಾಟಕಕ್ಕೆ ಬೆಂಗಳೂರಿನ ಬೌರಿಂಗ್. ಆಮೇಲೆ ಹುಬ್ಬಳ್ಳಿ, ಮೈಸೂರು, ನಿಧಾನಕ್ಕೆ ಜಿಲ್ಲಾ ಆಸ್ಪತ್ರೆಗಳು, ತಾಲೂಕಿನ ಲಿಂಕ್ ಸೆಂಟರುಗಳು. ಮೊದಮೊದಲು ಸಿಡಿ-ಫೋರ್ ಎಣಿಕೆ 200ಕ್ಕಿಂತ ಕೆಳಗೆ ಇಳಿದವರಿಗೆ ಮಾತ್ರ ಗುಳಿಗೆ. ಅಂದರೆ ಬಾಗಿಲ ತನಕ ಹೋಗಿ ಬಂದವರಿಗೆ ಮಾತ್ರ.

ಗುಳಿಗೆ ಒಂದು ತಿಂಗಳಿಗೆ ಆಗುವಷ್ಟು. ಆದ್ದರಿಂದ ಪ್ರತಿ ತಿಂಗಳು ಬರಲೇಬೇಕು. ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬಂದರೆ ಚೀಟಿ, ತೂಕ, ಕೌನ್ಸೆಲರು, ಡಾಕ್ಟರು, ಔಷಧದ ಕಿಟಕಿ ಅಂತ ಮಧ್ಯಾಹ್ನ. ಪ್ರತಿಯೊಬ್ಬರ ಕೈಯಲ್ಲೂ ಒಂದು ಹಸಿರು ಪುಸ್ತಕ. ತೂಕ, ಸಿಡಿ-ಫೋರ್, ಮುಂದಿನ ತಾರೀಖು ಅದರಲ್ಲಿ. (ಪ್ರಾಟ್ ಸಾಹೇಬರು ನೂರು ವರ್ಷದ ಹಿಂದೆ ಕೊಟ್ಟ ಪುಸ್ತಕದ ಮೊಮ್ಮಗನೇ ಇರಬೇಕು ಇದು.) ನಾಲ್ಕು ತಾಸು ಒಂದೇ ಬೆಂಚು, ಒಂದೇ ಜಡ್ಡು. ಸರ್ಕಾರ ಯಾವ ಸುತ್ತೋಲೆಯನ್ನೂ ಹೊರಡಿಸದೆ, ಒಂದು ಪೈಸೆ ಮಂಜೂರು ಮಾಡದೆ ಹುಟ್ಟಿದ ಸಂಘ ಅದು.

ಅತ್ತಿ ಹೇಳಿದ್ದು ಅವರ ಮಾತಲ್ಲೇ ಕೇಳಿ:

"ಮೊದಲನೇ ದಿನ ನಾ ಮಾರಿ ತುಂಬ ಸೆರಗ ಹೊದ್ಕೊಂಡ ಕುಂತಿದ್ನಿ ತಮ್ಮಾ. ಯಾರರ ನಮ್ಮೂರಾವ್ರು ನೋಡಿದ್ರ ಅಂತ ಜೀವ ಪುಕುಪುಕು. ಬಾಜೂಕ ಕುಂತಾಕಿ ಅಂದ್ಲು, 'ಯವ್ವಾ, ನಿಮ್ಮೂರಾವ್ರು ಈ ಬಾಂಕಿನ ಮ್ಯಾಲ ಬಂದ ಕುಂತಾರಂದ್ರ ಅವ್ರಿಗೂ ಅದ ಐತಿ. ಅವ್ರೇನ ಹೇಳ್ತಾರ? ಸೆರಗ ತಗಿ, ಶೆಕಿ ಆಕ್ಕೈತಿ.'"

ಆವತ್ತು ಗಂಡ ಸತ್ತಮೇಲೆ ಮೊದಲ ಸಲ ನಕ್ಕಿದ್ದಂತೆ ಅವರು.

ಆ ಬೆಂಚಿನ ಮೇಲೆ ಏನೇನು ಮಾತು ನಡೀತಿತ್ತು ಅಂತ ಕೇಳಿದರೆ ನನಗೆ ಅಚ್ಚರಿ. ನಾನು ಅಂದುಕೊಂಡಿದ್ದು ಅಳೋದು, ದೇವರ ಮಾತು. ಇಲ್ಲವೇ ಇಲ್ಲ. ಎಲ್ಲ ದಿನನಿತ್ಯದ ಉಪಾಯಗಳು. ಆಗಿನ ಗುಳಿಗೆ ಹನ್ನೆರಡು ತಾಸಿಗೊಮ್ಮೆ, ತಿಂಗಳಿಗೆ 60. ಮೂರಕ್ಕಿಂತ ಹೆಚ್ಚು ತಪ್ಪಿದರೆ ಔಷಧ ನಾಟದೆ ಹೋಗುವ ಅಪಾಯ. ಮನೆಯಲ್ಲಿ ಗಡಿಯಾರ ಇಲ್ಲದವರು? ಮುಂಜಾನೆ ಎಂಟರ ಬಸ್ಸು ಹಾರ್ನ್ ಹೊಡೆದಾಗ ಒಂದು, ರಾತ್ರಿ ಎಂಟರ ಧಾರಾವಾಹಿ ಹಾಡು ಬಂದಾಗ ಒಂದು. ಬಸ್ಸು ತಡವಾದರೆ? "ಬಸ್ ನಂಬಬ್ಯಾಡ, ಧಾರಾವಾಹಿ ನಂಬು" ಅಂತ ಇನ್ನೊಬ್ಬಳ ತಿದ್ದುಪಡಿ.

ಗುಳಿಗೆ ಡಬ್ಬಿ ಚೀಲದಲ್ಲಿ ಗಲಗಲ ಸದ್ದು ಮಾಡತ್ತೆ, ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡ್ತಾರೆ. ಒಳಗೆ ಹತ್ತಿ ತುರುಕು. ಮೇಲಿನ ಚೀಟಿ ಕಿತ್ತು ಒಲೆಗೆ ಹಾಕು. ಪ್ರತಿ ತಿಂಗಳು ಎಲ್ಲಿ ಹೋಗ್ತೀ ಅಂತ ಕೇಳುವವರಿಗೆ ಏನು ಹೇಳೋದು? ಆ ಬೆಂಚಿನವರೆಲ್ಲ ಸೇರಿ "ಥೈರಾಯ್ಡ್" ಅಂತ ತೀರ್ಮಾನ ಮಾಡಿದ್ದರಂತೆ. ಸಕ್ಕರಿ ಬ್ಯಾನಿ ಅಂದರೆ ಊರಲ್ಲೇ ಗುಳಿಗೆ ಸಿಗತ್ತಲ್ಲ ಅಂತಾರೆ, ಟಿ.ಬಿ. ಅಂದರೆ ಅದಕ್ಕೂ ದೂರ ಸರೀತಾರೆ. ಥೈರಾಯ್ಡ್ ಅಂದರೆ ಏನಂತ ಯಾರಿಗೂ ಗೊತ್ತಿಲ್ಲ, ಹೆದರಿಕೆಯೂ ಇಲ್ಲ. ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ ನೋಡಿ!

ಔಷಧದ ತೊಂದರೆಗಳೂ ಅಲ್ಲೇ ಬಗೆಹರಿಯುತ್ತಿದ್ದವು. ಆಗಿನ ಸ್ಟಾವುಡಿನ್ ಗುಳಿಗೆಯಿಂದ ಅಂಗಾಲು ಉರಿ, ವರ್ಷಗಟ್ಟಲೆ ತಗೊಂಡರೆ ಗಲ್ಲ ಒಳಗೆ ಹೋಗಿ ಮುಖದ ಚಹರೆಯೇ ಬದಲು. (2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಬಿಡುತ್ತಾ ಬನ್ನಿ ಅಂತ ಹೇಳಿತು.) ಎಫಾವಿರೆಂಜ್ ತಗೊಂಡವರಿಗೆ ತಲೆ ತಿರುಗು, ಕೆಟ್ಟ ಕನಸು. ಒಬ್ಬಾಕೆ ರಾತ್ರಿ ಎದ್ದು ಕೂತು "ಹೆಣ ಕಾಣ್ತಾವು, ನನಗ ಮಾಟ ಆಗೇತಿ" ಅಂತ ಗುಳಿಗೆ ಬಿಟ್ಟಿದ್ದಳಂತೆ. ಕೌನ್ಸೆಲರು ಹೇಳಿದ್ದು ತಲೆಗೆ ಹೋಗಿರಲಿಲ್ಲ. ಬೆಂಚಿನ ಮೇಲೆ ಮೂರು ಜನ "ನನಗೂ ಕಂಡಿದ್ದವು, ಒಂದ ತಿಂಗಳಿಗೆ ಹೋದವು. ಎಣ್ಣ್ಯಾಗ ಕರದದ್ದ ತಿಂದು ತಗೋಬ್ಯಾಡ, ತಗೊಂಡ ಕೂಡ್ಲೆ ಮಲ್ಕೋ" ಅಂದಮೇಲೆ ಮಾಟದ ಮಾತು ಬಿಟ್ಟಳು. ನಮ್ಮ ಫೀಲ್ಡಿನವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಮ್ಯಾನುಯಲ್ಲಿನಲ್ಲಿ ಎಲ್ಲ ಬರೆದಿರತ್ತೆ, ಆದರೆ ಪಕ್ಕದ ಸೀಟಿನವನು "ನನಗೂ ಇದೇ ಎರರ್ ಬಂದಿತ್ತು, ಹೀಗೆ ಮಾಡು" ಅಂದಾಗಲೇ ನಮಗೆ ಸಮಾಧಾನ.

ಮೋಸದ ಮದ್ದುಗಳ ಸುದ್ದಿಯೂ ಅಲ್ಲೇ. 1990ರ ದಶಕದಲ್ಲಿ ಕೇರಳದ ಕಂಪನಿಯೊಂದು ಏಡ್ಸ್ ಗುಣ ಮಾಡ್ತೀನಿ ಅಂತ ಪೇಪರಿನಲ್ಲಿ ಜಾಹೀರಾತು ಹಾಕಿ ದುಡ್ಡು ಮಾಡಿತ್ತು. ನಮ್ಮ ಕಡೆಯೂ ಹೊಲ ಮಾರಿ ನಾಟಿ ಮದ್ದಿಗೆ ಸುರಿದವರಿದ್ದರು. ಸುರಿದು ಕಳಕೊಂಡವರು ಬೆಂಚಿನ ಮೇಲೆ ಹೇಳುವ ಮಾತು ಯಾವ ಸರ್ಕಾರಿ ಪೋಸ್ಟರಿಗಿಂತ ಗಟ್ಟಿ. ಆದರೆ ಅದೇ ಬೆಂಚಿನ ಮೇಲೆ ಹೊಸ ನಾಟಿ ವೈದ್ಯನ ವಿಳಾಸವೂ ಕೈ ಬದಲಾಗುತ್ತಿತ್ತು ಅನ್ನೋದನ್ನೂ ಹೇಳಬೇಕು. ಕೂಟ ಅಂದಮೇಲೆ ಎರಡೂ ಹರಿಯತ್ತೆ.

ಯಾರಾದರೂ ಎರಡು ತಿಂಗಳು ಬರಲಿಲ್ಲ ಅಂದರೆ? "ಊರಿಗೆ ಹೋಗ್ಯಾಳ" ಅನ್ನೋರಂತೆ. ಕೇಳುವವಳಿಗೂ ಗೊತ್ತು, ಹೇಳುವವಳಿಗೂ ಗೊತ್ತು. 2006, 2007ರಲ್ಲಿ ಬಹಳ ಜನ ಊರಿಗೆ ಹೋದರು ಅಂದರು ಅತ್ತಿ. ಅಷ್ಟು ಹೇಳಿ ಚಹಾ ಮಾಡೋಕೆ ಎದ್ದರು, ನಾನೂ ಮುಂದೆ ಕೇಳಲಿಲ್ಲ.

ಬೆಂಚಿನ ಕೂಟ ಆಮೇಲೆ ಕಾಗದದ ಮೇಲೆ ಬಂತು. ಜಿಲ್ಲಾ ನೆಟ್‌ವರ್ಕುಗಳು, ತಿಂಗಳ ಸಭೆ, ಮಲಗಿಸಿ ಉಪಚಾರ ಮಾಡುವ ಸಮುದಾಯ ಆರೈಕೆ ಕೇಂದ್ರಗಳು. ಒಳ್ಳೇದೇ ಆಯಿತು. ರೇಷನ್ ಕಾರ್ಡು, ವಿಧವಾ ವೇತನ, ಮಕ್ಕಳನ್ನು ಸಾಲಿಯಿಂದ ಹೊರಗೆ ಹಾಕಿದಾಗ ಹೋಗಿ ಜಗಳ ಆಡೋದು, ಇವೆಲ್ಲ ನೆಟ್‌ವರ್ಕ್ ಇಲ್ಲದೆ ಆಗುವ ಕೆಲಸ ಅಲ್ಲ. ಆದರೆ ಪ್ರಾಜೆಕ್ಟು ಅಂದಮೇಲೆ ರಿಪೋರ್ಟು, ರಿಪೋರ್ಟು ಅಂದಮೇಲೆ ಸಹಿ, ಫೋಟೋ. ಡಿಸೆಂಬರ್ 1 ಬಂದರೆ ವೇದಿಕೆ ಮೇಲೆ ಮಾತಾಡೋಕೆ ಒಬ್ಬರು ಬೇಕು. ಅತ್ತಿಯನ್ನೂ ಕೇಳಿದ್ದರು. "ನಾ ಹೋಗಲಿಲ್ಲ. ಮಾತಾಡಿ ಬಂದಾಕಿಗೆ ಹಾರ ಹಾಕಿದ್ರು, ಮರುದಿನ ಆಕಿ ಬಾಡಿಗಿ ಮನಿ ಬಿಡಿಸಿದ್ರು" ಅಂದರು. ಧೈರ್ಯ ಕೊಡುವ ಕೂಟಕ್ಕೂ ಧೈರ್ಯದ ಪ್ರದರ್ಶನಕ್ಕೂ ಇರುವ ವ್ಯತ್ಯಾಸ ಕಾರ್ಯಕ್ರಮ ಮಾಡುವವರಿಗೆ ಬೇಗ ಮರೆತುಹೋಗತ್ತೆ.

ಇನ್ನೊಂದು. ಗಂಡಸರು ಬರುತ್ತಿರಲಿಲ್ಲ. ಬಂದರೂ ಗೋಡೆಗೆ ಆತುಕೊಂಡು ದೂರ ನಿಂತು, ಗುಳಿಗೆ ತಗೊಂಡು, ಹೊರಗೆ ಹೋಗಿ ಬೀಡಿ ಹಚ್ಚೋರು. ಹೆಂಗಸರು ಬೆಂಚಿನ ಮೇಲೆ ಹತ್ತಿ, ಥೈರಾಯ್ಡ್, ಧಾರಾವಾಹಿ ಅಂತ ಬದುಕುವ ದಾರಿ ಹುಡುಕ್ತಿದ್ದಾಗ ಗಂಡಸರು ಒಬ್ಬೊಬ್ಬರೇ ನಿಂತಿದ್ದರು. ಅದಕ್ಕೆ ಎಷ್ಟು ಜೀವ ತೆತ್ತರೋ ಲೆಕ್ಕ ಇಟ್ಟವರಿಲ್ಲ.

2013ರಲ್ಲಿ ಸಮುದಾಯ ಆರೈಕೆ ಕೇಂದ್ರಗಳನ್ನು ಮುಚ್ಚಿದರು. ಅವುಗಳ ಬದಲು ವಿಹಾನ್ ಅನ್ನೋ ಕಾರ್ಯಕ್ರಮದಲ್ಲಿ ಆರೈಕೆ ಮತ್ತು ಬೆಂಬಲ ಕೇಂದ್ರಗಳು ಬಂದವು. ಹಾಸಿಗೆ ಇಲ್ಲ, ಸಲಹೆ ಇದೆ. 2017ರಿಂದ ಸಿಡಿ-ಫೋರ್ ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೆ ಚಿಕಿತ್ಸೆ. ಅದೇ ವರ್ಷದ ಎಚ್.ಐ.ವಿ. ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವಂತಿಲ್ಲ, ಕೆಲಸದಿಂದ, ಸಾಲಿಯಿಂದ, ಬಾಡಿಗೆ ಮನೆಯಿಂದ ಅದೇ ಕಾರಣಕ್ಕೆ ತೆಗೆಯುವಂತಿಲ್ಲ. ಈಗ ದಿನಕ್ಕೆ ಒಂದೇ ಗುಳಿಗೆ, ಡೊಲುಟೆಗ್ರಾವಿರ್ ಇರುವಂಥದ್ದು. ಕೆಟ್ಟ ಕನಸು ಕಡಿಮೆ, ಗಲ್ಲ ಒಳಗೆ ಹೋಗಲ್ಲ. ಸರಿಯಾಗಿ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು, ಅಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ದೇಶದಲ್ಲಿ ಇವತ್ತು ಸುಮಾರು 25 ಲಕ್ಷ ಜನ ಎಚ್.ಐ.ವಿ. ಜೊತೆ ಬದುಕುತ್ತಿದ್ದಾರೆ.

2020ರಲ್ಲಿ ಕೊರೋನಾ ಬಂದಾಗ ಬಸ್ಸು ನಿಂತವು. ಗುಳಿಗೆ ತಪ್ಪಬಾರದು ಅಂತ ಎರಡು ಮೂರು ತಿಂಗಳದ್ದು ಒಟ್ಟಿಗೆ ಕೊಡೋಕೆ ಶುರು ಮಾಡಿದರು. ಅದು ಒಳ್ಳೆಯ ತೀರ್ಮಾನ, ಯಾರೂ ಇಲ್ಲ ಅನ್ನಲ್ಲ. ಬಸ್ ಚಾರ್ಜು ಉಳೀತು, ಒಂದು ದಿನದ ಕೂಲಿ ಉಳೀತು. ಪಾಳಿಯೂ ಸಣ್ಣದಾಯಿತು. ಈಗ ಅತ್ತಿ ಹೋಗಿ ಒಂದು ತಾಸಿನಲ್ಲಿ ವಾಪಸ್ಸು. ಹೋದ ದಿನ ಹಳಬರು ಯಾರಾದರೂ ಸಿಗ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಆದ್ದರಿಂದ ಅವರು ನಾಲ್ಕೈದು ಜನ ತಾರೀಖು ಹೊಂದಿಸಿಕೊಂಡಿದ್ದಾರೆ. ಔಷಧದ ಕಿಟಕಿ ಮುಗಿಸಿ, ಬಸ್ ಸ್ಟ್ಯಾಂಡಿನ ಪಕ್ಕದ ಖಾನಾವಳಿಯಲ್ಲಿ ಒಟ್ಟಿಗೆ ರೊಟ್ಟಿ ಊಟ. ಕಳೆದ ಸಲ ಅವರ ಜೊತೆ ಒಬ್ಬ ಹೊಸ ಹುಡುಗಿ ಇದ್ದಳಂತೆ, ಇಪ್ಪತ್ತೆರಡು ಇಪ್ಪತ್ಮೂರು ವರ್ಷ, ಮಾರಿಗೆ ದುಪಟ್ಟಾ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದಳು. ಈ ಸಲ "ಸೆರಗ ತಗಿ, ಶೆಕಿ ಆಕ್ಕೈತಿ" ಅಂದವರು ನಮ್ಮ ಅತ್ತಿ.

ನಿಮ್ಮ ಪರಿಚಯದಲ್ಲಿ ಯಾರಿಗಾದರೂ ಬೇಕಾಗಬಹುದು, ಬರೆದಿಟ್ಟುಕೊಳ್ಳಿ: 1097. ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ದುಡ್ಡು ಬೀಳಲ್ಲ, ಹೆಸರು ಹೇಳಬೇಕಾಗಿಲ್ಲ.